ಅವನೇಕೆ ನನ್ನ ತುಟಿಗಳನ್ನೇ ನೋಡುತ್ತಾನೆ?

ಅವಳಲ್ಲಿ ಆ ಪ್ರಶ್ನೆ ಹುಟ್ಟಿದ್ದು ಆಮೇಲೆ. ಅವನನ್ನು ಮೊದಲು ಕಂಡ ಸಂಜೆ, ಇಂಗ್ಲಿಷ್ ತರಗತಿಯ ಮೆಟ್ಟಿಲು ಹತ್ತುತ್ತಿದ್ದ ಅವಳ ಕಾಲು ಅರ್ಧದಲ್ಲೇ ನಿಂತಿತು.

ಮೇಲಿನ ತಿರುವಿನಲ್ಲಿ ಯಾರೋ ಇಂಗ್ಲಿಷ್ ಮಾತಾಡುತ್ತಿದ್ದರು. ಅಂಥಿಂಥ ಇಂಗ್ಲಿಷ್ ಅಲ್ಲ... ನೀರು ಹರಿದಂತೆ! ಒಂದು ತಡವರಿಕೆ ಇಲ್ಲ, ಒಂದು 'ಅಂ... ಆಂ...' ಇಲ್ಲ. ನೀಲಿ ಶರ್ಟಿನ ಯುವಕನೊಬ್ಬ ಗೋಡೆಗೊರಗಿ, ಫೋನನ್ನು ಬಾಯಿಯ ಮುಂದೆ ಹಿಡಿದುಕೊಂಡು ಮಾತಾಡುತ್ತಿದ್ದ.

'ಹೊಸ ಮೇಷ್ಟ್ರು ಇರಬೇಕು' ಅಂದುಕೊಂಡು ಅವಳು ಪಕ್ಕಕ್ಕೆ ಸರಿದು ಮೇಲೆ ಹೋದಳು.

ಐದು ನಿಮಿಷದ ಮೇಲೆ ಅದೇ ನೀಲಿ ಶರ್ಟು ತರಗತಿಯೊಳಗೆ ಬಂತು. ಬಂದು ಕುಳಿತದ್ದೆಲ್ಲಿ? ಮೇಷ್ಟ್ರ ಕುರ್ಚಿಯಲ್ಲಲ್ಲ. ಹೊಸಬರ ಬೆಂಚಿನಲ್ಲಿ, ಅವಳ ಪಕ್ಕದಲ್ಲೇ!

“ಇವರು ಇವತ್ತಿಂದ ನಮ್ಮ ಜೊತೆ ಕಲೀತಾರೆ,” ಅಂದರು ಟೀಚರ್. “ಮಾತಾಡೋ ಅಭ್ಯಾಸಕ್ಕೆ ನೀವಿಬ್ಬರೂ ಒಂದು ಜೋಡಿ.”

ಅವನು ಹಾಳೆ ನೋಡಿಕೊಂಡು ಒಂದೊಂದೇ ಪದ ಬಿಡಿಸಿ ಓದಿದ.

“ವಾಟ್... ಈಸ್... ಯುವರ್... ಜಾಬ್?”

ಅವಳ ಮೈ ಉರಿಯಿತು. 'ಈಗ ತಾನೇ ಮೆಟ್ಟಿಲ ಮೇಲೆ ಪಟಪಟ ಅಂತಿದ್ದವನು ಇವನೇ ಅಲ್ವಾ? ಇದೇನಿದು ನಾಟಕ? ಕಳ್ಳಬೆಕ್ಕು!'

ಆ ಹೆಸರು ಅವಳ ಮನಸ್ಸಿನಲ್ಲಿ ಅಲ್ಲೇ ಅಂಟಿಕೊಂಡಿತು.

ಅವಳು ಹೀಗೆ ಅನುಮಾನಿಸಲು ಕಾರಣವಿತ್ತು.

ಅವಳದು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸ. ಮೇಣದಲ್ಲಿ ಒಸಡು ತಿದ್ದುವುದು, ಹಲ್ಲು ಜೋಡಿಸುವುದು, ಉಜ್ಜಿ ಹೊಳಪು ಕೊಡುವುದು... ಏಳು ವರ್ಷದಿಂದ ಅದೇ. ಬೊಚ್ಚುಬಾಯಿಯ ಅಜ್ಜಂದಿರು ಅವಳು ಮಾಡಿದ ಸೆಟ್ಟು ಹಾಕಿಕೊಂಡು ಗಳಗಳ ಮಾತಾಡುತ್ತಿದ್ದರು. ಅವಳಿಗೆ ಮಾತ್ರ ಹೊಸಬರ ಮುಂದೆ ನಾಲಗೆ ಮೇಲೇಳುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಒಬ್ಬ ಅಲ್ಲಿಗೆ ಬಂದಿದ್ದ. 'ಅಪ್ಪನಿಗೆ ಹಲ್ಲಿನ ಸೆಟ್ಟು ಬೇಕು' ಅಂತ ನಾಲ್ಕು ದಿನ ಓಡಾಡಿದ. ನಗಿಸಿದ. ಅವಳ ಮನಸ್ಸು ಮೆಲ್ಲಗೆ ಅರಳುವಷ್ಟರಲ್ಲಿ ಗೊತ್ತಾಯಿತು: ಅವನ ಅಪ್ಪನಿಗೆ ಮೂವತ್ತೆರಡೂ ಹಲ್ಲು ಗಟ್ಟಿಯಾಗಿದ್ದವು! ಅಕ್ಕನ ಗಂಡ, ಅಂದರೆ ಅವಳ ಭಾವ, ಮದುವೆಗೆ ಹುಡುಗಿ ಹೇಗಿದ್ದಾಳೆ ನೋಡಿ ಬಾ ಎಂದು ಅವನನ್ನು ಕಳಿಸಿದ್ದರು. ಅವನು ಹೋಗಿ ಹೇಳಿದ್ದು ಒಂದೇ ಮಾತು: “ಹುಡುಗಿ ಮಂಕು. ನಾಲ್ಕು ಮಾತಾಡೋಕೆ ಬರಲ್ಲ.”

ಅಂದಿನಿಂದ ಅವಳಿಗೆ ಹಗ್ಗ ಕಂಡರೂ ಹಾವು.

ಈಗ ಲ್ಯಾಬಿನ ಡಾಕ್ಟರು ಅವಳ ಹೆಸರನ್ನು ಬೇರೆ ಊರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಬರೆದುಕೊಟ್ಟಿದ್ದರು. ಅಪಘಾತದಲ್ಲಿ ದವಡೆ, ಮೂಗು ಕಳಕೊಂಡವರಿಗೆ ಹೊಸದು ಮಾಡಿಕೊಡುವ ವಿದ್ಯೆ, ಆರು ತಿಂಗಳ ತರಬೇತಿ. ಆದರೆ ಮೊದಲು ಫೋನಿನಲ್ಲಿ ಸಂದರ್ಶನ. ಅದೂ ಇಂಗ್ಲಿಷಿನಲ್ಲಿ! ಉಳಿದದ್ದು ಆರೇ ವಾರ. ಅದಕ್ಕೇ ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಈ ಕೋಣೆಗೆ ಅವಳು ಸಂಜೆ ಸಂಜೆ ಬರುತ್ತಿದ್ದದ್ದು.

ದಿನ ಕಳೆದಂತೆ ಅನುಮಾನ ಬೆಳೆಯಿತೇ ಹೊರತು ಕರಗಲಿಲ್ಲ.

ಅವಳು ಮಾತಾಡುವಾಗ ಅವನು ಕಣ್ಣು ನೋಡುತ್ತಿರಲಿಲ್ಲ. ತುಟಿ ನೋಡುತ್ತಿದ್ದ! ರೆಪ್ಪೆ ಸಹ ಬಡಿಯದೆ.

“ಸ್ವಲ್ಪ ಮುಖ ನೋಡಿ ಮಾತಾಡ್ತೀರಾ?” ಅಂದಳು ಒಮ್ಮೆ, ಸಿಡುಕಿ.

“ಮುಖಾನೇ ನೋಡ್ತಿದ್ದೀನಲ್ಲ,” ಅಂದ, ಕೆಂಪಾಗಿ.

ಇನ್ನೊಂದು ದಿನ ಅವಳು ಬೇಕೆಂದೇ ಬೆಂಚಿನ ಎಡತುದಿಗೆ ಗೋಡೆಗಂಟಿ ಕುಳಿತಳು. ಅವನು ಬಂದು ನಿಂತುಕೊಂಡ. “ನಾನು ಆ ಕಡೆ ಕೂರಲಾ? ನೀವು ಈಚೆ ಬರ್ತೀರಾ?”

“ಯಾಕೆ? ಈ ಕಡೆ ಏನು ಮುಳ್ಳಿದೆಯಾ?”

ಅವನದು ಒಂದು ಪೆಚ್ಚು ನಗೆ.

ಆದರೂ... ಒಂದು ವಿಷಯ ಅವಳನ್ನು ಒಳಗೊಳಗೇ ಕಾಡುತ್ತಿತ್ತು. ಅವಳು ಪದ ಸಿಗದೆ ಒದ್ದಾಡುವಾಗ ಅವನು ಕಾಯುತ್ತಿದ್ದ. ಸ್ವಲ್ಪ ಮುಂದಕ್ಕೆ ಬಾಗಿ, ಉಸಿರು ಬಿಗಿಹಿಡಿದು. ಮನೆಯಲ್ಲಿ ಅವಳ ಅರ್ಧ ಮಾತನ್ನು ಭಾವ ಮುಗಿಸುತ್ತಿದ್ದರು, ಉಳಿದರ್ಧವನ್ನು ಅಕ್ಕ. ಅವಳ ಮಾತಿಗಾಗಿ ಹೀಗೆ ಯಾರೂ ಕಾದಿರಲಿಲ್ಲ.

'ಬೇಡ ಮನಸ್ಸೇ, ಬೇಡ. ಒಂದ್ಸಲ ಬಿದ್ದದ್ದು ಸಾಕಾಗಲಿಲ್ವಾ?'

ಐದನೆಯ ವಾರ. ಅವಳು ಆಸ್ಪತ್ರೆಯ ವಾಕ್ಯಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. “ಪ್ಲೀಸ್ ಓಪನ್ ಯುವರ್ ಮೌತ್. ಡಸ್ ಇಟ್ ಹರ್ಟ್?”

ಹಾಳೆ ತಿರುವುವಾಗ ಅವನ ನೋಟ್‌ಬುಕ್ ಜಾರಿತು. ಅದರ ಕೆಳಗಿದ್ದ ಫೋನು ಕಂಡಿತು. ತೆರೆಯ ಮೇಲೆ ಕೆಂಪು ಚುಕ್ಕಿ ಮಿನುಗುತ್ತಿತ್ತು.

ಅವನು ಅವಳ ದನಿಯನ್ನು ರೆಕಾರ್ಡ್ ಮಾಡುತ್ತಿದ್ದ!

ಯಾರಿಗೆ ಕೇಳಿಸಲು? ಯಾರ ಮನೆಯಲ್ಲಿ ಕುಳಿತು ನಗಲು?

ಕೆಳಗಿನ ಅಂಗಡಿಯಲ್ಲಿ ಒಗೆಯುವ ಯಂತ್ರಗಳೆಲ್ಲ ಒಟ್ಟಿಗೆ ಗಡಗಡ ತಿರುಗುತ್ತಿದ್ದವು. ನೆಲವೇ ನಡುಗುತ್ತಿತ್ತು. ಅವಳು ಮುಖ ಪಕ್ಕಕ್ಕೆ ತಿರುಗಿಸಿ, ಹಲ್ಲು ಕಚ್ಚಿ ಕೇಳಿದಳು. “ನಿಜ ಹೇಳಿ. ನಿಮ್ಮನ್ನ ನಮ್ಮ ಭಾವ ಕಳಿಸಿದ್ರಾ?”

ಅವನು ಒಂದು ಗಳಿಗೆ ತಬ್ಬಿಬ್ಬಾದ. ಆಮೇಲೆ ನಕ್ಕು, ತಲೆಯಾಡಿಸಿದ.

“ಹೌದು ಹೌದು.”

ಅಷ್ಟೇ! ಅವಳು ಚೀಲ ಎತ್ತಿಕೊಂಡು ದಡದಡ ಮೆಟ್ಟಿಲಿಳಿದಳು. ಹಿಂದಿನಿಂದ ಟೀಚರ್ ಕರೆದದ್ದೂ ಅವಳಿಗೆ ಬೇಡವಾಗಿತ್ತು.

ಮನೆಯಲ್ಲಿ ಭಾವ ಕಾಲಿಗೆ ಸಾಕ್ಸ್ ಏರಿಸುತ್ತಿದ್ದರು.

“ಮತ್ತೆ ಯಾರನ್ನೋ ಕಳಿಸಿದ್ದೀರಾ ಅಲ್ವಾ ಭಾವ? ಈ ಸಲ ರೆಕಾರ್ಡ್ ಬೇರೆ!”

“ನಾನಾ?” ಭಾವನ ಕೈಯಲ್ಲಿ ಸಾಕ್ಸ್ ಹಾಗೇ ನಿಂತಿತು. “ನಿಮ್ಮಕ್ಕನ ಆಣೆಗೂ ಇಲ್ಲ ಕಣಮ್ಮ!”

“ನನ್ನ ಆಣೆ ಯಾಕ್ರೀ? ನಿಮ್ಮ ತಲೆ ಮೇಲೇ ಆಣೆ ಇಟ್ಕೊಳ್ಳಿ,” ಅಂದಳು ಅಕ್ಕ ಒಳಗಿನಿಂದ.

“ಇಟ್ಟೆ! ಆವತ್ತು ಮಾಡಿದ ತಪ್ಪಿಗೆ ಎರಡು ವರ್ಷದಿಂದ ನಿಮ್ಮಕ್ಕ ನನಗೆ ಮಂಗಳಾರತಿ ಎತ್ತುತ್ತಾ ಇದ್ದಾಳೆ. ಮತ್ತೆ ಆ ಕೆಲಸಕ್ಕೆ ಕೈ ಹಾಕ್ತೀನಾ?”

ಅವಳು ನಂಬಲಿಲ್ಲ. ಅನುಮಾನವೆಂಬುದು ಹಾಗೇ... ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮರುದಿನದಿಂದ ತರಗತಿಗೆ ಹೋಗುವುದನ್ನೇ ಬಿಟ್ಟಳು. ಸಂದರ್ಶನಕ್ಕೆ ಉಳಿದದ್ದು ಒಂದೇ ವಾರ. ತೆಗೆದ ಪುಸ್ತಕದಲ್ಲಿ ಅಕ್ಷರಗಳು ಕಾಣುತ್ತಿರಲಿಲ್ಲ. ಒಂದು ನೀಲಿ ಶರ್ಟು ಕಾಣುತ್ತಿತ್ತು. ಅದಕ್ಕೂ ಅವಳಿಗೆ ತನ್ನ ಮೇಲೇ ಸಿಟ್ಟು.

ಮೂರನೆಯ ದಿನ ಮಧ್ಯಾಹ್ನ ಅವನು ಲ್ಯಾಬಿಗೇ ಬಂದ. ಕೆಲಸದ ಬಗ್ಗೆ ಅವಳೇ ತರಗತಿಯಲ್ಲಿ ಹೇಳಿದ್ದಳಲ್ಲ.

ಅವಳು ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿಕೊಂಡು ಹಲ್ಲಿನ ಸೆಟ್ಟೊಂದನ್ನು ಯಂತ್ರಕ್ಕೆ ಹಿಡಿದು ಉಜ್ಜುತ್ತಿದ್ದಳು. ಯಂತ್ರ ಕಿರ್ ಎನ್ನುತ್ತಿತ್ತು. ಬಿಳಿ ಧೂಳು ಹಾರುತ್ತಿತ್ತು. ಅವನನ್ನು ಕಂಡರೂ ಯಂತ್ರ ನಿಲ್ಲಿಸಲಿಲ್ಲ.

“ಯಾಕೆ ಬಂದ್ರಿ?” ಅಂದಳು ಮಾಸ್ಕಿನೊಳಗಿಂದ.

“ಹತ್ತು ನಿಮಿಷ ಸಾಕು,” ಅಂದ.

“ಯಾರು ಕಳಿಸಿದ್ದು ನಿಮ್ಮನ್ನ?”

“ಇಲ್ಲ, ನೀರು ಬೇಡ. ಈಗ ತಾನೇ ಕುಡಿದೆ.”

ಅವಳು ಹುಬ್ಬು ಗಂಟಿಕ್ಕಿದಳು. ಇದೇನು, ತಮಾಷೆಯಾ?

“ನೀವು ಕಳ್ಳ!” ಅಂದಳು ಬೇಕೆಂದೇ.

ಅವನು ನಕ್ಕು, ತಲೆಯಾಡಿಸಿದ. “ಹೌದು ಹೌದು.”

ಅದೇ ನಗು. ಅದೇ ತಲೆಯಾಡಿಸುವಿಕೆ. ಆದರೆ ಅವನ ಕಣ್ಣುಗಳು ಅವಳ ಮಾಸ್ಕಿನ ಮೇಲೆ, ಕತ್ತಲಲ್ಲಿ ಬಾಗಿಲು ಹುಡುಕುವವನ ಕೈಯಂತೆ, ತಡಕಾಡುತ್ತಿದ್ದವು.

ಅವಳು ಯಂತ್ರ ನಿಲ್ಲಿಸಿದಳು. ನಿಧಾನವಾಗಿ ಮಾಸ್ಕ್ ಕೆಳಗಿಳಿಸಿದಳು.

“ನಿಮಗೆ... ನಾನು ಹೇಳಿದ್ದು ಕೇಳಿಸಲೇ ಇಲ್ಲ. ಅಲ್ವಾ?”

ಅವನ ನಗು ಉಡುಗಿತು. ಆಮೇಲೆ ಬಲಗಡೆಯ ಕೂದಲನ್ನು ಹಿಂದಕ್ಕೆ ಸರಿಸಿದ. ಕಿವಿಯ ಹಿಂದೆ ಹುರುಳಿಕಾಯಿಯ ಬೀಜದಷ್ಟು ಸಣ್ಣ ಶ್ರವಣಯಂತ್ರವಿತ್ತು.

“ಹೋದ ವರ್ಷ ಜ್ವರ ಬಂತು. ಎಡಗಿವಿ ಪೂರ್ತಿ ಹೋಯ್ತು. ಇದರಲ್ಲಿ ಅರ್ಧ ಉಳಿದಿದೆ,” ಅಂದ. “ನಾನು ದುಭಾಷಿಯಾಗಿದ್ದೆ. ಒಬ್ಬರ ಮಾತು ಕೇಳಿ ಇನ್ನೊಬ್ಬರ ಭಾಷೆಯಲ್ಲಿ ಹೇಳೋದು... ಅದೇ ನನ್ನ ಅನ್ನ. ಈಗ ಮಾತಾಡೋಕೆ ಬರುತ್ತೆ, ಕೇಳಿಸ್ಕೊಳ್ಳೋಕೆ ಬರಲ್ಲ. ಈಗಿನ ಆಫೀಸಿನವರಿಗೆ ಫೋನಿನಲ್ಲಿ ದನಿ ಕಳಿಸ್ತೀನಿ, ಅವರು ಉತ್ತರ ಬರೆದು ಕಳಿಸ್ತಾರೆ. ಕಿವಿ ಡಾಕ್ಟರು ಹೇಳಿದ್ರು, ನಿಧಾನವಾಗಿ, ಬಿಡಿಸಿ ಮಾತಾಡೋರ ಜೊತೆ ಅಭ್ಯಾಸ ಮಾಡು ಅಂತ. ನಾನೂ ಬಿಡಿಸಿ ಓದಿದ್ದು, ನೀವೂ ಹಾಗೇ ನಿಧಾನವಾಗಿ ಉತ್ತರ ಹೇಳಲಿ ಅಂತ. ಟೀಚರಿಗೆ ಮಾತ್ರ ಹೇಳಿದ್ದೆ. ಯಾರಿಗೂ ಹೇಳಬೇಡಿ ಅಂತ ಕೇಳ್ಕೊಂಡಿದ್ದೆ.”

“ಯಾಕೆ?”

“ಗೊತ್ತಾದ ದಿನದಿಂದ ಜನ ನನ್ನ ಹತ್ರ ಕಿರುಚ್ತಾರೆ. ಇಲ್ಲಾಂದ್ರೆ ಅಯ್ಯೋ ಪಾಪ ಅಂತಾರೆ. ಎರಡೂ ಬೇಡವಾಗಿತ್ತು.”

“ಆ ರೆಕಾರ್ಡು?”

ಅವನು ನೋಟ್‌ಬುಕ್ ತೆಗೆದು ಮುಂದಿಟ್ಟ. “ರಾತ್ರಿ ಅದನ್ನ ಕೇಳಿ, ತಿಳಿದಷ್ಟು ಬರೀತಿದ್ದೆ.” ಅವಳು ಪುಟ ತಿರುವಿದಳು. ಅವಳದೇ ವಾಕ್ಯಗಳು! ಮೊದಲ ದಿನ ಬರೆದದ್ದು ಬರೀ 'ಓಪನ್... ಮೌ...'. ನಡುವೆ ಖಾಲಿ. ಮರುದಿನ ಇನ್ನೊಂದು ಪದ. ಒಂಬತ್ತನೆಯ ದಿನ ಪೂರ್ತಿ ವಾಕ್ಯ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, 'ಇವತ್ತು ಅವರ ಸ ಅಕ್ಷರ ಕೇಳಿಸಿತು' ಅಂತ.

ಅವಳು ಆ ಪುಟದ ಮೇಲೆ ಬೆರಳಾಡಿಸಿದಳು. ಆದರೂ ಬಿಡಲಿಲ್ಲ.

“ಕೇಳಿದ್ರೆ ನಾನು ಕೊಡ್ತಿರಲಿಲ್ವಾ? ಕದ್ದು ಯಾಕೆ ತಗೊಂಡ್ರಿ? ನನ್ನ ದನಿ ಅದು!”

“ತಪ್ಪಾಯ್ತು.” ಅವನು ಅಲ್ಲೇ ಫೋನು ತೆಗೆದ. ಅವಳ ಕಣ್ಣೆದುರಿಗೇ ಒಂದೊಂದಾಗಿ ಎಲ್ಲ ಅಳಿಸಿದ. ಐದು ವಾರದ ಅಭ್ಯಾಸ, ಅರ್ಧ ನಿಮಿಷದಲ್ಲಿ ಖಾಲಿ! “ನನ್ನ ಮೇಲಿನ ಕೋಪಕ್ಕೆ ಕ್ಲಾಸು ಬಿಡಬೇಡಿ. ಅಷ್ಟು ಹೇಳೋಕೇ ಬಂದೆ. ನಾಳೆಯಿಂದ ನಾನೇ ಬರಲ್ಲ.”

ಅವನು ಬಾಗಿಲ ತನಕ ಹೋಗಿದ್ದ.

“ನಿಲ್ಲಿ!” ಅಂದಳು. ಅವನು ನಿಲ್ಲಲಿಲ್ಲ. ಅವಳಿಗೆ ನೆನಪಾಯಿತು. ಓಡಿಹೋಗಿ ಅವನೆದುರು ನಿಂತಳು.

“ಗುರುವಾರ ನನ್ನ ಸಂದರ್ಶನ. ಫೋನಲ್ಲಿ ಕೇಳೋರ ಹಾಗೆ ನೀವು ಪ್ರಶ್ನೆ ಕೇಳಿ. ನಾನು ಮಾಸ್ಕ್ ಹಾಕ್ಕೊಂಡು ಉತ್ತರ ಹೇಳ್ತೀನಿ. ತುಟಿ ನೋಡದೆ ಕೇಳಿಸ್ಕೊಳ್ಳಿ. ಇಬ್ಬರಿಗೂ ಪಾಠ.”

ಮುಂದಿನ ಮೂರು ದಿನ ಲ್ಯಾಬಿನ ಊಟದ ಬಿಡುವಿನಲ್ಲಿ ಅದೇ ನಡೆಯಿತು. ಅವನು ಈಗ ತನ್ನ ನಿಜವಾದ ಇಂಗ್ಲಿಷಿನಲ್ಲಿ ಪಟಪಟ ಕೇಳುತ್ತಿದ್ದ. ಅವಳು ಬೆವರುತ್ತಿದ್ದಳು. ಅವಳು ಮಾಸ್ಕಿನೊಳಗಿಂದ ಉತ್ತರಿಸಿದರೆ ಅವನು ಬೆವರುತ್ತಿದ್ದ. ಒಮ್ಮೆ ಅವಳು 'ಟೂತ್' ಅಂದದ್ದನ್ನು ಅವನು 'ಬೂಟ್' ಅಂತ ಬರೆದ. ಇಬ್ಬರೂ ಬಿದ್ದು ಬಿದ್ದು ನಕ್ಕರು.

“ತಿಳಿಯದಿದ್ರೆ ಹೌದು ಹೌದು ಅನ್ನಬೇಡಿ,” ಅಂದ ಅವನು, ನಗು ನಿಂತ ಮೇಲೆ. “ಅದು ನನ್ನ ಚಾಳಿ. ಅದರಿಂದ ನನ್ನ ದುಭಾಷಿ ಕೆಲಸ ಹೋಯ್ತು. ಇನ್ನೊಮ್ಮೆ ಹೇಳಿ ಅಂತ ಕೇಳೋದು ನಾಚಿಕೆಯಲ್ಲ.”

ಗುರುವಾರ ಹನ್ನೊಂದಕ್ಕೆ ಫೋನು ರಿಂಗಾಯಿತು. ಆ ಕಡೆ ಹೆಂಗಸಿನ ಗಡಸು ದನಿ. ಮೊದಲೆರಡು ಪ್ರಶ್ನೆ ದಾಟಿದಳು. ಮೂರನೆಯದು ಗಾಳಿಯಂತೆ ಹಾದುಹೋಯಿತು. ಒಂದು ಪದವೂ ಕೈಗೆ ಸಿಗಲಿಲ್ಲ. 'ಯೆಸ್' ಎಂಬ ಸುಳ್ಳು ನಾಲಗೆಯ ತುದಿಗೆ ಬಂದಿತ್ತು...

“ಸಾರಿ ಮೇಡಂ,” ಅಂದಳು. “ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್. ಪ್ಲೀಸ್ ಸೇ ಇಟ್ ಅಗೇನ್.”

ಆ ದನಿ ಮೆತ್ತಗಾಯಿತು. ನಿಧಾನವಾಗಿ ಮತ್ತೆ ಕೇಳಿತು. ರೋಗಿಗೆ ನೋವಾದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆ! ಏಳು ವರ್ಷದ ಕೆಲಸ ಅವಳ ಬಾಯಿಂದ ತಾನಾಗಿ ಹೊರಬಂತು. ಮುರುಕು ಇಂಗ್ಲಿಷು, ಆದರೆ ತನ್ನದೇ ಮಾತು.

ಕೊನೆಯಲ್ಲಿ ಆ ಕಡೆಯವರು ಹೇಳಿದ್ದು ಒಂದೇ ಸಲಕ್ಕೆ ಅರ್ಥವಾಯಿತು. ಸೋಮವಾರ ಬಂದು ಸೇರಿಕೊಳ್ಳಿ!

ಭಾನುವಾರ ಸಂಜೆ ಬಸ್ ನಿಲ್ದಾಣ. ಅಕ್ಕ, ಭಾವ ಪೆಟ್ಟಿಗೆ ಕಾಯುತ್ತಾ ದೂರದ ಬೆಂಚಿನಲ್ಲಿ ಕುಳಿತಿದ್ದರು. ಭಾವ ಕುತೂಹಲದಿಂದ ಕತ್ತು ಉದ್ದ ಮಾಡಿದಾಗಲೆಲ್ಲ ಅಕ್ಕ ಅವರ ಮುಖವನ್ನು ಈಚೆ ತಿರುಗಿಸುತ್ತಿದ್ದಳು.

“ಫೋನ್ ಮಾಡಿದ್ರೆ ನನಗೆ ಸರಿಯಾಗಿ ಕೇಳಿಸಲ್ಲ,” ಅಂದ ಅವನು. “ಎರಡು ವಾರಕ್ಕೊಮ್ಮೆ ನಾನೇ ಬರ್ತೀನಿ. ಬೇಡ ಅಂದ್ರೆ ಬರಲ್ಲ.”

“ಯಾಕೆ ಬರ್ತೀರಿ?”

“ಯಾಕೆ ಅಂದ್ರೆ... ನಿಮ್ಮನ್ನ ಬಿಟ್ಟು ಇರೋಕೆ ಆಗ್ತಿಲ್ಲ.”

ಅವಳ ಕಣ್ಣು ತುಂಬಿತು. ಆದರೆ ಹೇಳಲೇಬೇಕಾದದ್ದೊಂದು ಇತ್ತು.

“ನಾನು ಒಳ್ಳೆಯವಳಲ್ಲ. ಎಲ್ಲರನ್ನೂ ಅನುಮಾನಿಸ್ತೀನಿ. ನಾಳೆ ನಿಮ್ಮನ್ನೂ ಅನುಮಾನಿಸ್ತೀನಿ. ಆರು ತಿಂಗಳು ದೂರ ಇದ್ರೆ ಇನ್ನೂ ಜಾಸ್ತಿ.”

“ಅನುಮಾನಿಸಿ. ಆದ್ರೆ ನನ್ನೆದುರಿಗೇ ನಿಂತು ಕೇಳಿ,” ಅಂದ ಅವನು. “ಬೆನ್ನ ಹಿಂದೆ ಕೇಳಿದ್ರೆ ನನಗೆ ಕೇಳಿಸೋದೇ ಇಲ್ಲ.”

ಅವಳು ಅಳುತ್ತಲೇ ನಕ್ಕಳು. ಬಸ್ಸಿನವನು ಹಾರ್ನ್ ಹೊಡೆದ. ಅವಳು ಇನ್ನಷ್ಟು ಹತ್ತಿರ ಬಂದು, ನೇರವಾಗಿ ಅವನ ಕಣ್ಣೊಳಗೆ ನೋಡಿದಳು. ಒಂದು ಪದಕ್ಕೂ ತಡವರಿಸಲಿಲ್ಲ.

“ಸರಿ, ಎದುರಿಗೇ ಕೇಳ್ತೀನಿ. ನನ್ನನ್ನ ಮದುವೆ ಆಗ್ತೀರಾ?”

ಎರಡು ಭಾಷೆ ಬಲ್ಲ ದುಭಾಷಿಗೆ ಒಂದು ಭಾಷೆಯೂ ಸಿಗಲಿಲ್ಲ. ಅವಳ ತುಟಿಗಳನ್ನೇ ನೋಡುತ್ತಾ ನಿಂತ.

“ಏನು... ಯೋಚನೆ ಮಾಡ್ತಿದ್ದೀರಾ?” ಅವಳ ದನಿ ಅಳುಕಿತು.

“ಇಲ್ಲ ಕಣೇ,” ಅಂದ, ಮೊದಲ ಸಲ ಏಕವಚನದಲ್ಲಿ. “ಇನ್ನೂ ಕೇಳಿಸ್ಕೊಳ್ತಾ ಇದ್ದೀನಿ.”

“ಮತ್ತೆ ಉತ್ತರ?”

“ಆಗ್ತೀನಿ.”