ಬಿಸಿಲು ಕಂಡ ಡಾಂಬರು

ನರ್ಸೊಬ್ಬಳು ಸ್ಕೂಟರ್ ಸಮೇತ ಬಿದ್ದು ಪ್ರಾಣ ಬಿಟ್ಟ ಜಾಗದಲ್ಲಿ ರಸ್ತೆ ಅಂಗೈಯಗಲ ಬಾಯಿ ಬಿಟ್ಟುಕೊಂಡಿತ್ತು. ರಬ್ಬರ್ ಬೆರೆಸಿದ ಡಾಂಬರು, ಹತ್ತು ವರ್ಷ ಅಲುಗಾಡುವುದಿಲ್ಲ ಎಂದು ಎದೆ ತಟ್ಟಿಕೊಂಡು ಹಾಕಿಸಿದ ರಸ್ತೆ. ಎರಡೇ ವರ್ಷಕ್ಕೆ ಈ ಗತಿ! ಯಾರ ತಪ್ಪು?

ಮೊದಲು ರೋಲರ್ ಡ್ರೈವರ್ ಎಂದರು. ಆಮೇಲೆ ಗುತ್ತಿಗೆದಾರ ಎಂದರು. ಕೊನೆಗೆ ಎಲ್ಲರೂ ಸೇರಿ ಡಾಂಬರು ಕಾಯಿಸುವ ಮೇಸ್ತ್ರಿಯ ತಲೆಗೆ ಕಟ್ಟಿದರು. ಮಧ್ಯಾಹ್ನದೊಳಗೆ ಅವನನ್ನು ಪೊಲೀಸರಿಗೆ ಒಪ್ಪಿಸುವುದೆಂದು ತೀರ್ಮಾನವಾಗಿತ್ತು.

ಮುಖ್ಯಾಧಿಕಾರಿಯ ಮೇಜಿನ ಮೇಲೆ ಸಾಕ್ಷಿ ಕೂತಿತ್ತು — ಬಿರುಕಿನ ಪಕ್ಕದಲ್ಲೇ ಮೊನ್ನೆ ಕೊರೆದು ತೆಗೆದದ್ದೆಂದು ಚೀಟಿ ಅಂಟಿಸಿದ, ಡಬ್ಬಿಯಂಥ ಡಾಂಬರಿನ ತುಂಡು.

"ಕೆರೆದು ನೋಡಿದ್ವಿ ಸರ್. ಪುಡಿಪುಡಿ," ಎಂದ ಎಂಜಿನಿಯರ್. "ಇವನು ಕಾಯಿಸಿ ಕಾಯಿಸಿ ರಬ್ಬರನ್ನೇ ಸುಟ್ಟುಬಿಟ್ಟಿದ್ದಾನೆ. ಇನ್ನೇನು ಬೇಕು?"

ಮೇಸ್ತ್ರಿ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ.

ಪ್ರಯೋಗಾಲಯದ ಮುಖ್ಯಸ್ಥೆಗೆ ಆಗಲೇ ಮೈ ಉರಿಯುತ್ತಿತ್ತು. ಮೂವತ್ತು ವರ್ಷ ಇದೇ ಕೆಲಸ ಮಾಡಿದ ಅವಳನ್ನು ಎಲ್ಲರೂ ಡಾಂಬರಕ್ಕ ಎನ್ನುತ್ತಿದ್ದರು. ಬಾಯಿ ಸತ್ತವನ ಮೇಲೆ ಗೂಬೆ ಕೂರಿಸುವವರನ್ನು ಕಂಡರೆ ಅವಳಿಗಾಗುತ್ತಿರಲಿಲ್ಲ. ಅವಳು ತುಂಡನ್ನೆತ್ತಿ ತಿರುಗಿಸಿದಳು.

"ಎಲ್ಲಿ ಕೆರೆದ್ರಿ?"

"ಮೈಮೇಲೆ. ಪಕ್ಕದಲ್ಲಿ."

"ಒಳಗೆ?"

"ಒಳಗೆ ಯಾಕೆ? ಸುಟ್ಟಿದ್ದು ಸುಟ್ಟಿದ್ದೇ ಅಲ್ವಾ?"

ಡಾಂಬರಕ್ಕ ಉಳಿಯಿಟ್ಟು ತುಂಡನ್ನು ಎರಡು ಹೋಳು ಮಾಡಿದಳು. ನಡುಭಾಗದಿಂದ ಚೂರು ಡಾಂಬರು ಬಿಡಿಸಿ ಬಿಸಿನೀರಿಗೆ ಹಾಕಿದಳು. ತೆಗೆದು ಎಳೆದಳು — ಹಿಗ್ಗಿತು. ಬಿಟ್ಟಳು — ಕುಗ್ಗಿತು.

"ನೋಡಿ ಸರ್. ಬೆಂಕೀಲಿ ಸುಟ್ಟಿದ್ರೆ ಒಳಗೂ ಹೊರಗೂ ಒಂದೇ ಥರ ಇರ್ಬೇಕಿತ್ತು. ಇದು ಬರೀ ತೊಗಲು ಒಣಗಿದೆ. ಬಿಸಿಲಿನ ಕೆಲಸ."

"ರಸ್ತೆ ಮೇಲೆ ಬಿಸಿಲು ಬೀಳಲ್ವೇನ್ರೀ?" ಎಂದು ಎಂಜಿನಿಯರ್ ನಕ್ಕ.

"ಬೀಳುತ್ತೆ. ನೆತ್ತಿಗೆ ಬೀಳುತ್ತೆ. ನೆಲದೊಳಗೆ ಹುದುಗಿರೋ ಪಕ್ಕೆಗೆ ಹೇಗ್ರೀ ಬೀಳುತ್ತೆ?"

ಅವಳು ಚೀಟಿ ಕಿತ್ತಳು. ಅದರಡಿಯಲ್ಲೂ ಸುತ್ತಲೂ ಅಂಗೈಯಷ್ಟು ಜಾಗ ಕರ್ರಗೆ, ಹೊಸದರಂತೆ ಮಿರುಗುತ್ತಿತ್ತು. ಉಳಿದ ಮೈಯೆಲ್ಲ ಬೂದಿ ಬಣ್ಣ.

"ಇಲ್ಲಿ ದೊಡ್ಡ ಚೀಟಿ ಇತ್ತು. ರಸ್ತೆ ಹಾಕಿದ ವಾರ ಕೊರೆಯೋ ತುಂಡುಗಳಿಗೆ ನಾವು ಅಂಟಿಸೋ ಚೀಟಿ. ಅದು ಮುಚ್ಚಿದ ಜಾಗ ಮಾತ್ರ ಉಳ್ಕೊಂಡಿದೆ. ಇದು ಮೊನ್ನೇದಲ್ಲ ಸರ್, ಎರಡು ವರ್ಷದ್ದು. ನಮ್ಮ ಸ್ಯಾಂಪಲ್ ಕೋಣೆಗೆ ಕಿಟಕೀನೇ ಇಲ್ಲ. ಬಾಲ್ಕನಿ ಬಾಗಿಲು ಬಡ್ಕೊಳ್ಳದ ಹಾಗೆ ಬಿಸಿಲಲ್ಲಿ ಡಾಂಬರಿನ ತುಂಡು ಅಡ್ಡ ಇಟ್ಟಿದ್ದು ಯಾರ ರೂಮಲ್ಲಿ? ಇವತ್ತು ಅಲ್ಲಿ ಇಟ್ಟಿಗೆ ಇದೆ. ಈಗ ತಾನೇ ನೋಡ್ಕೊಂಡು ಬಂದೆ."

ಎಲ್ಲರೂ ಎಂಜಿನಿಯರ್ ಕಡೆ ತಿರುಗಿದರು.

"ಬಿರುಕಿನ ಹತ್ರಾನೂ ಹೋಗಿ ನೋಡ್ದೆ, ಕೊರೆದ ತೂತೇ ಇಲ್ಲ," ಎಂದು ಅವಳು ಎಂಜಿನಿಯರ್ ಕಡೆ ಬೆರಳು ಮಾಡಿದಳು. "ಯಾಕೆ ಕೊರೆದಿಲ್ಲ ಗೊತ್ತಾ? ಕೊರೆದಿದ್ರೆ ಕೆಳಗಿನ ಟೊಳ್ಳು ಕಾಣ್ತಿತ್ತು. ರಸ್ತೆ ಹಾಕೋ ಮೊದಲು ತೋಡಿದ್ದ ನೀರಿನ ಪೈಪಿನ ಗುಂಡೀನ ಗಟ್ಟಿಯಾಗಿ ಮುಚ್ಚಿಸದೆ ಸಹಿ ಹಾಕಿದ್ದು ನೀವು. ರಸ್ತೆ ಕುಸಿದಿದ್ದು ನಿಮ್ಮಿಂದ. ಸಾಯಿಸಿದ್ದೂ ನೀವೇ!"

ಮುಖ್ಯಾಧಿಕಾರಿ ಫೋನೆತ್ತಿಕೊಂಡು, "ಮೇಸ್ತ್ರಿ, ನೀನಿನ್ನು ಹೊರಡಪ್ಪ," ಎಂದರು.

ಮೇಸ್ತ್ರಿ ಕದಲಲಿಲ್ಲ. ಅವನ ಕಣ್ಣು ಕೆಂಪಾಗಿತ್ತು.

"ನೀವು ಹೇಳಿದ್ದು ನಂಬಿದ್ದೆ ಸರ್," ಎಂದ ಎಂಜಿನಿಯರ್‌ಗೆ. "ನಾನೇ ಸುಟ್ಟೆ ಅಂದ್ಕೊಂಡಿದ್ದೆ. ಆ ನರ್ಸಮ್ಮನ ಮನೆಗೆ ಹೋಗಿ ಅವರ ತಾಯಿ ಕಾಲು ಹಿಡ್ಕೊಂಡು ಅತ್ತು ಬಂದೆ. ಆ ತಾಯಿ ನನ್ನ ಕ್ಷಮಿಸಿಬಿಟ್ರು. ಈಗ ಆ ಮನೆಗೆ ನೀವು ಹೋಗಿ."