ಮೆಟ್ಟಿಲ ತಿರುವಿನ ಗಡಿಯಾರ

"ಮಿಕ್ಕ ಗಡಿಯಾರಗಳಿಗೆಲ್ಲ ಕೀ ಕೊಡಿ ಮೇಷ್ಟ್ರೇ. ಮೆಟ್ಟಿಲ ತಿರುವಲ್ಲಿರೋದನ್ನ ಮಾತ್ರ ಮುಟ್ಟಬೇಡಿ," ಎಂದ ಗಡಿಯಾರ ರಿಪೇರಿಯವನು, ಕಣ್ಣಿಗೆ ಸಿಕ್ಕಿಸಿದ ಮಸೂರ ತೆಗೆಯದೆ.

"ಯಾಕೆ, ಕಚ್ಚುತ್ತಾ?"

"ಈ ಮನೆ ಯಜಮಾನಿ ಸಾಯೋ ಗಂಡನನ್ನ ಉಳಿಸಿಕೊಳ್ಳೋಕೆ ಅದಕ್ಕೆ ಮಾಟ ಮಾಡಿಸಿದ್ದಳು. ಅದು ನಡೆದಷ್ಟು ದಿನ ಅವನ ಉಸಿರು. ಒಂದು ದಿನ ಕೀ ಕೊಡೋದು ಮರೆತಳು, ಹೋದ. ಮಾಟ ಇನ್ನೂ ಇಳಿದಿಲ್ಲ. ಈಗ ಕೀ ಕೊಟ್ಟವರ ಮನೆಯವರನ್ನ ಹಿಡಿಯುತ್ತೆ."

ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು ಬಿದ್ದುಬಿದ್ದು ನಕ್ಕರು. ಆ ಹಳೆಯ ಮಹಲನ್ನು ನೋಡಲು ಬಂದವರಿಗೆ ಕೋಣೆ ಕೋಣೆ ತೋರಿಸಿ ಕತೆ ಹೇಳುವ ಸ್ವಯಂಸೇವಕರಾಗಿ ಅವರು ಸೇರಿ ಒಂದು ವಾರವಷ್ಟೇ ಆಗಿತ್ತು. ಹೇಳಲು ಒಳ್ಳೆಯ ಕತೆ ಸಿಕ್ಕಿತು ಅಂದುಕೊಂಡರು.

ಭಾನುವಾರ ಮಧ್ಯಾಹ್ನ ಗಂಡನ ವಿವರಣೆ ಕೇಳಲೆಂದು ಹೆಂಡತಿಯೂ ಬಂದಿದ್ದರು. ಹಳೆಯ ಪರದೆಗಳ ಬಣ್ಣ ಮಾಸದಿರಲೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದ ಆ ಮೆಟ್ಟಿಲಲ್ಲಿ ಹಗಲಲ್ಲೂ ಕತ್ತಲು ಜೋತುಬಿದ್ದಿತ್ತು. ಮೇಷ್ಟ್ರು ಮಾಟದ ಕತೆ ಹೇಳಿದರು. ಜನ ನಕ್ಕರು. ನಗು ಇನ್ನಷ್ಟು ಏರಲೆಂದು ಆ ಗಡಿಯಾರಕ್ಕೆ ಕೀ ತೂರಿಸಿ ಕರಕರನೆ ತಿರುಗಿಸಿ, ಲೋಲಕವನ್ನು ತಳ್ಳಿದರು.

ಟಿಕ್. ಟಿಕ್.

ಪೆಟ್ಟಿಗೆಯೊಳಗಿಂದ ಸುಟ್ಟ ಕೂದಲಿನ ವಾಸನೆ ಬಂತು. ಲೋಲಕದ ಹಿಂದೆ, ಕರಿದಾರ ಬಿಗಿದ ಕೂದಲಿನ ಉಂಡೆಯೊಂದು ಉಸಿರಾಡುವಂತೆ ಉಬ್ಬಿ ಇಳಿಯುತ್ತಿತ್ತು.

"ರೀ," ಎಂದರು ಹೆಂಡತಿ ಮೆಟ್ಟಿಲ ಕಂಬಿ ಹಿಡಿದು. "ನನ್ನೆದೆ ಅದರ ಜೊತೆಗೇ ಬಡ್ಕೊಳ್ತಿದೆ."

ಮೇಷ್ಟ್ರು ಗಾಬರಿಯಿಂದ ಲೋಲಕವನ್ನು ಹಿಡಿದು ನಿಲ್ಲಿಸಿದರು.

ಹೆಂಡತಿ ಕುಸಿದರು. ನಾಡಿ ಇಲ್ಲ. ಉಸಿರಿಲ್ಲ. ತುಟಿ ನೀಲಿ. ಯಾರೋ ನೀರು ತರಲು ಓಡಿದರು. ಮೇಷ್ಟ್ರ ಬುದ್ಧಿ ಬೇಡ ಅಂದಿತು. ಕೈ ಕೇಳಲಿಲ್ಲ. ಲೋಲಕವನ್ನು ತಳ್ಳಿತು.

ಟಿಕ್.

ಹೆಂಡತಿಯ ಎದೆ ಎದ್ದಿತು.

ಡಾಕ್ಟರು ಏನೂ ಇಲ್ಲವೆಂದರು. ಅಂದಿನಿಂದ ಮೇಷ್ಟ್ರು ಕೀ ಕೊಡಲು ಮಹಲಿಗೆ ಹೋಗುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಜ್ವರ ಬಂದರೂ ಹೋದರು. ಮಗಳ ಮದುವೆಯ ದಿನ ಮಂಟಪದಿಂದೆದ್ದು ಹೋದರು. "ನನಗಿಂತ ಆ ಗಡಿಯಾರವೇ ಹೆಚ್ಚಾಯ್ತು ನಿಮಗೆ," ಎಂದು ಹೆಂಡತಿ ಮುನಿಸಿಕೊಂಡರು. ನಿಂತ ಉಸಿರು ಮರಳಿದ್ದು ಹೇಗೆಂದು ಮೇಷ್ಟ್ರು ಅವರಿಗೆ ಹೇಳಿರಲಿಲ್ಲ.

ಮೂರನೆಯ ವರ್ಷ ಗಡಿಯಾರದ ಸದ್ದು ಬದಲಾಯಿತು. ನಡುವೆ ಎಲ್ಲೋ ತೊಡರುತ್ತಿತ್ತು. ಮೇಷ್ಟ್ರು ರಿಪೇರಿಯವನನ್ನು ಎಳೆದು ತಂದರು. ಅವನು ಬಹಳ ಹೊತ್ತು ಒಳಗೆ ಇಣುಕಿದ.

"ಚಕ್ರದ ಹಲ್ಲು ಸವೆದಿದೆ. ಬದಲಾಯಿಸಬಹುದು."

"ಬದಲಾಯಿಸು."

"ಎರಡು ದಿನ ನಿಲ್ಲಿಸಬೇಕಾಗುತ್ತೆ ಮೇಷ್ಟ್ರೇ."

ಮೇಷ್ಟ್ರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮನೆಯಿಂದ.

"ರೀ, ಬರ್ತಾ..." ಎಂದರು ಹೆಂಡತಿ.

ಪೆಟ್ಟಿಗೆಯೊಳಗೆ ಚಕ್ರ ತೊಡರಿತು. ಮೇಷ್ಟ್ರು ಫೋನನ್ನು ಕಿವಿಗೊತ್ತಿ ಕಾದರು. ಒಂದು. ಎರಡು. ಮೂರು. ನಾಲ್ಕು.

ಟಿಕ್.

"...ಹಾಲು ತನ್ನಿ."