ಎರಡು ದೀಪದ ಮಂಚ

"ಒಂದ್ಸಲ ಮಲಗಿ ತೋರಿಸ್ತೀರಾ?"

ಬಡಗಿ ಹಾಗೆ ಕೇಳಿದ್ದೇ ತಡ, ಅವಳ ಕಿವಿ ಬಿಸಿಯಾಯಿತು. ಕುರ್ಚಿ ರಿಪೇರಿಗೆ ಬಂದವರೊಬ್ಬರು, ಬಾಗಿಲು ನೋಡಲು ಬಂದವರಿಬ್ಬರು ಅಲ್ಲೇ ನಿಂತಿದ್ದಾರೆ. ಅವರೆದುರು ಈ ಮನುಷ್ಯ ಏನು ಕೇಳುತ್ತಿದ್ದಾನೆ?

ಅವನಿಗೆ ಅದರ ಪರಿವೆಯೇ ಇರಲಿಲ್ಲ. ಟೇಪು ಬಿಚ್ಚುತ್ತ, "ಮಲಗಿ ಓದೋಕೆ ಮಂಚ ಬೇಕು ಅಂದ್ರಿ. ತಲೆ ಎಲ್ಲಿಗೆ ಬರುತ್ತೆ ನೋಡದೆ ಒರಗೋ ಹಲಗೆ ಎಷ್ಟು ಓರೆ ಇರ್ಬೇಕು ಅಂತ ನನಗೆ ಹೇಗೆ ಗೊತ್ತಾಗ್ಬೇಕು?" ಎಂದ.

ನ್ಯಾಯವಾದ ಮಾತೇ. ಅವಳು ನಾಚುತ್ತಲೇ ಕೆಲಸದ ಮೇಜಿನ ಮೇಲೆ ಕಾಲು ಚಾಚಿ, ಚೀಲದಿಂದ ಪುಸ್ತಕ ತೆಗೆದಳು. ಅವನು ಬೆನ್ನ ಹಿಂದೆ ಹಲಗೆಯೊಂದನ್ನು ಹಿಡಿದು ಇಷ್ಟಿಷ್ಟೇ ಬಾಗಿಸುತ್ತ ಹೋದ. ಒಂದು ಕಡೆ ಕತ್ತಿಗೆ ಹಾಯೆನಿಸಿತು... ಅಲ್ಲಿಗೆ ಅವಳು ಲೋಕ ಮರೆತಳು.

ನಾಲ್ಕು ಪುಟ ಮುಗಿಸಿ ತಲೆ ಎತ್ತಿದರೆ, ಅವನು ಹಲಗೆ ಹಿಡಿದುಕೊಂಡೇ ನಿಂತಿದ್ದಾನೆ! ತೋಳು ನಡುಗುತ್ತಿದೆ.

"ಅಯ್ಯೋ, ಕರೀಬಾರ್ದಾ?"

"ಓದ್ತಿದ್ರಲ್ಲ," ಎಂದ ಅವನು.

ಅಷ್ಟೇ. ಹುಡುಗಿ ಬಿದ್ದದ್ದು ಅಲ್ಲೇ, ಆ ಒಂದು ಮಾತಿಗೆ. ಓದುವಾಗ ಅವಳನ್ನು ಕರೆಯದೆ ಬಿಟ್ಟವರು ಹುಟ್ಟಿದಾಗಿನಿಂದ ಒಬ್ಬರೂ ಇರಲಿಲ್ಲ.

ಅವಳ ಪರಿಚಯ ಹೇಳಿಬಿಡುತ್ತೇನೆ. ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷಿಸುವವಳು. ಸಾಕಿದ ಸೋದರತ್ತೆ ಅವಳನ್ನು ಕರೆಯುವುದು 'ಹುಳ' ಎಂದು, ಅಂದರೆ ಪುಸ್ತಕದ ಹುಳ. ಸ್ನಾನ ಮುಗಿಸಿ, ಹೊದಿಕೆಯೊಳಗೆ ಕಾಲು ತೂರಿಸಿ, ಪುಸ್ತಕ ಬಿಚ್ಚಿದಳೆಂದರೆ ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಆದರೆ ಆ ಸ್ವರ್ಗದಲ್ಲೂ ಕಷ್ಟ ಕಡಿಮೆಯಿರಲಿಲ್ಲ. ಕನ್ನಡಕ ಹಾಕಿಕೊಂಡೇ ನಿದ್ದೆ ಹೋಗಿ ವರ್ಷಕ್ಕೆ ಮೂರು ಮುರಿಯುತ್ತಿದ್ದಳು. ನಿದ್ದೆಗೆ ಕಣ್ಣು ಮುಚ್ಚಿದೊಡನೆ ಪುಸ್ತಕ ಮೂಗಿನ ಮೇಲೆ ಬಿದ್ದು ಕೆಂಪು ಗೆರೆ ಮೂಡುತ್ತಿತ್ತು. ಒರಗಿ ಓದಿ ಕೈ ಸೋತ ಮೇಲೆ ಎಡಪುಟಕ್ಕೆ ಒಂದು ಮಗ್ಗುಲು, ಬಲಪುಟಕ್ಕೆ ಇನ್ನೊಂದು ಮಗ್ಗುಲು. ಹಾಗೆ ಹೊರಳುತ್ತ, ಕಥೆಯ ಒಳ್ಳೆಯ ಘಟ್ಟದಲ್ಲೇ, ಹಳೆಯ ಸಣ್ಣ ಮಂಚದಿಂದ ದೊಪ್ಪನೆ ಕೆಳಗೆ ಬಿದ್ದಿದ್ದಳು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನೀನು ಕಾಲಿಗೆ ತಕ್ಕ ಹಾಸಿಗೆ ಮಾಡಿಸೋಕೆ ಹೊರಟಿದ್ದೀಯ," ಎಂದು ಅತ್ತೆ ನಕ್ಕಿದ್ದರು.

ಆಮೇಲೆ ವಾರಕ್ಕೊಮ್ಮೆ ಅವಳಿಗೆ ಬಡಗಿಯ ಅಂಗಡಿಯಲ್ಲಿ ಏನಾದರೊಂದು ಕೆಲಸ ಬೀಳುತ್ತಿತ್ತು. ಹೋದಾಗ ತಾನು ಓದುತ್ತಿದ್ದ ಕಥೆ ಹೇಳುತ್ತಿದ್ದಳು. ಅವನು ಕೆಲಸ ಮಾಡುತ್ತಲೇ "ಆಮೇಲೆ?" ಎನ್ನುತ್ತಿದ್ದ. ಶಾಲೆ ಬಿಟ್ಟ ಮೇಲೆ ಒಂದು ಪುಸ್ತಕವನ್ನೂ ಮುಟ್ಟದವನು. ಅವಳು ಕೊಟ್ಟ ಒಂದನ್ನು ಅಂಟಿನ ಡಬ್ಬದ ಪಕ್ಕ ಜೋಪಾನವಾಗಿ ಇಟ್ಟುಕೊಂಡಿದ್ದ.

ನಾಲ್ಕನೆಯ ವಾರ ಅವಳು ಕಾಗದದ ಮೇಲೆ ಚಿತ್ರ ಬರೆದು ತಂದಳು. ಮಂಚ ಅಗಲವಾಗಿರಬೇಕು. ಎರಡೂ ಕಡೆ ಪುಸ್ತಕದ ಗೂಡು, ಎರಡೂ ಕಡೆ ದೀಪ.

"ಎರಡು ದೀಪಾನಾ?" ಅವನ ಕೈ ನಿಂತಿತು.

"ಹೂಂ, ಎರಡೂ ಬೇಕೇಬೇಕು. ಒಂದರಲ್ಲಿ ಆಗಲ್ಲ," ಎಂದಳು ಅವಳು ಉತ್ಸಾಹದಲ್ಲಿ.

"ಆಯ್ತು ಮೇಡಂ."

ಮೇಡಂ? ಇದೆಲ್ಲಿಂದ ಬಂತು? ಅಂದಿನಿಂದ ಅವನು ಅಳತೆ ಬಿಟ್ಟು ಬೇರೆ ಮಾತಾಡಲಿಲ್ಲ. ಕಥೆ ಶುರುಮಾಡಿದರೆ "ಆಮೇಲೆ?" ಎನ್ನಲಿಲ್ಲ. ತಾನೇ ಅತಿಯಾಗಿ ಹಚ್ಚಿಕೊಂಡೆನೇನೋ, ಅವನಿಗೆ ಬೇಸರವಾಯಿತೇನೋ ಎಂದು ಅವಳು ಕೊರಗಿದಳು. ಮಂಚ ಮುಗಿದರೆ ಅವನನ್ನು ನೋಡಲು ನೆಪವೇ ಉಳಿಯುವುದಿಲ್ಲ...

ಮುಗಿದೇಹೋಯಿತು. ಅವನೂ ಅವನ ಭಾವನೂ ಹೊತ್ತು ತಂದು ಜೋಡಿಸಿದರು. ಮಂಚ ನೋಡಿ ಅತ್ತೆ ಬಾಯಿತುಂಬ ಹೊಗಳಿದರು. ಅವನು ಎರಡೂ ದೀಪ ಹಚ್ಚಿ ನೋಡಿ, "ಎರಡೂ ಕಡೆ ಸಮ ಇದೆ ಮೇಡಂ," ಎಂದ. ಹೋಗಬೇಡಿ ಎನ್ನುವುದು ಅವಳ ನಾಲಿಗೆ ತುದಿಗೆ ಬಂದಿತ್ತು. ಹೊರಗೆ ಬಂದದ್ದು "ಥ್ಯಾಂಕ್ಸ್" ಮಾತ್ರ.

ಕತ್ತಿಗೆ ಸುಖ, ಕಣ್ಣಿಗೆ ಬೆಳಕು, ಹೊರಳಲು ಜಾಗ ಎಲ್ಲ ಸಿಕ್ಕಿತು. ಓದು ಮಾತ್ರ ಒಂದಕ್ಷರ ಮುಂದೆ ಸಾಗಲಿಲ್ಲ.

ಹನ್ನೆರಡನೆಯ ದಿನ ಬೆಳಗ್ಗೆ ಅವಳು ಕನ್ನಡಕದ ಅಂಗಡಿಯಲ್ಲಿ ಅಕ್ಷರಗಳ ಬೋರ್ಡು ಒರೆಸುತ್ತಿದ್ದಾಗ ಅವನು ಬಂದ. ಕತ್ತು ಒಂದು ಕಡೆಗೆ ಹಿಡಿದುಕೊಂಡಿತ್ತು, ಕಣ್ಣು ಕೆಂಪಾಗಿತ್ತು. ಮೂಗಿನ ಮೇಲೆ ಅಡ್ಡಕ್ಕೆ ಒಂದು ಕೆಂಪು ಗೆರೆ.

ಆ ಗೆರೆ ಅವಳಿಗೆ ಗೊತ್ತಿಲ್ಲದ್ದೇ?

"ಮಲಗಿ ಓದಿದ್ರಾ?" ಎಂದಳು ಮೆಲ್ಲಗೆ.

ಅವನು ಪರೀಕ್ಷೆಯ ಕುರ್ಚಿಯಲ್ಲಿ ಕುಳಿತು ಅವಳ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡ. ವಾಪಸು ಕೊಡುವ ಮೊದಲು ಒಮ್ಮೆ ಓದೋಣ, ಅವಳು ಓದುವ ಹಾಗೇ ಓದೋಣ ಎಂದು ಮಲಗಿದನಂತೆ. ಕೈ ಸೋತು ಮಗ್ಗುಲಾದನಂತೆ. ಎಡಪುಟ ಚೆನ್ನಾಗಿ ಕಂಡಿತು. ಬಲಪುಟಕ್ಕೆ ಹೊರಳಿದರೆ, ಇದ್ದ ಒಂದೇ ದೀಪದ ಬೆಳಕೆಲ್ಲ ಪುಸ್ತಕದ ಬೆನ್ನಿಗೆ ಬಿದ್ದು ಪುಟವೆಲ್ಲ ಕತ್ತಲೆ. ನಲವತ್ತನೆಯ ಪುಟಕ್ಕೆ ಬಂದಾಗ ಅವನು ಎದ್ದು ಕುಳಿತನಂತೆ.

"ಆ ದೀಪ..." ಅವನು ತಡವರಿಸಿದ. "ಎರಡೂ ನಿಮಗೇನಾ?"

"ಮತ್ತೆ ಯಾರಿಗೆ ಅಂದ್ಕೊಂಡ್ರಿ?"

"ನಿಮಗೆ ಮದುವೆ ಗೊತ್ತಾಗಿದೆ, ಇನ್ನೊಂದು ಅವರಿಗೆ ಅಂತ. ಆ ಕಡೆ ಗೂಡು ಮಾಡುವಾಗ ಕೈಯೇ ಓಡ್ಲಿಲ್ಲ. ಆದ್ರೂ ಅಚ್ಚುಕಟ್ಟಾಗೇ ಮಾಡಿದೆ. ನೀವು ಮಲಗೋ ಮಂಚ ಅಲ್ವಾ."

ಅವಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ನಗುವೂ ಬಂತು, ಅಳುವೂ ಬಂತು, ಎರಡನ್ನೂ ತಡೆಯುವ ಗೋಜಿಗೆ ಹೋಗಲಿಲ್ಲ.

"ಹನ್ನೆರಡು ದಿನದಿಂದ ಒಂದೇ ಪುಟ ಓದ್ತಿದ್ದೀನಿ ನಾನು," ಎಂದಳು. "ನೀವು ಆಮೇಲೆ ಅನ್ನೋದು ಬಿಟ್ರಲ್ಲ, ಅದಕ್ಕೆ."

ಹಿಡಿದ ಕತ್ತನ್ನು ತಿರುಗಿಸಲಾಗದೆ ಅವನು ಕುರ್ಚಿಯ ಸಮೇತ ಅವಳ ಕಡೆ ತಿರುಗಿದ. "ನನಗೆ ನೀವಂದ್ರೆ ಇಷ್ಟ. ಹಲಗೆ ಹಿಡ್ಕೊಂಡು ನಿಂತ ದಿನದಿಂದಾನೂ."

"ಯೋಚನೆ ಮಾಡಿ ಹೇಳಿ. ನಾನು ಬೇಗ ದೀಪ ಆರಿಸಲ್ಲ. ಪುಟಕ್ಕೊಂದು ಸಲ ಹೊರಳ್ತೀನಿ. ಪುಸ್ತಕ ನಿಮ್ಮ ಮೂಗಿನ ಮೇಲೂ ಬೀಳ್ಬಹುದು."

ಅವನು ನಿಜವಾಗಿಯೂ ಯೋಚಿಸಿದ, ಮರ ನೋಡಿ ಅಳತೆ ಹಾಕುವಾಗಿನ ಹಾಗೆ.

"ಎಡಪುಟಕ್ಕೆ ಆ ಕಡೆ. ಬಲಪುಟಕ್ಕೆ?"

"ಈ ಕಡೆ."

"ಹಾಗಿದ್ರೆ ಅರ್ಧ ಪುಸ್ತಕ ನನ್ನ ಕಡೆ ತಿರುಗೇ ಓದ್ತೀರಿ."

"ಮಧ್ಯೆ ಪುಸ್ತಕ ಅಡ್ಡ ಇರುತ್ತಲ್ಲ," ಎಂದಳು ಅವಳು.

"ಇರ್ಲಿ ಬಿಡಿ," ಎಂದ ಅವನು. "ಪುಟ ತಿರುಗಿಸುವಾಗ ಕಾಣ್ತೀರಲ್ಲ."